ಗುಜರಿ ತಕ್ಕಡಿ ಏರದ ಪ್ಲಾಸ್ಟಿಕ್: ನನ್ನ ಅನುಭವ

ಮನೆಯ ಪ್ಲಾಸ್ಟಿಕ್ ಕಡಿಮೆ ಮಾಡೋಣ ಅಂತ ಹೊರಟಾಗ ನನಗೆ ದಾರಿ ತೋರಿಸಿದವರು ಇಲ್ಲೇ ಹುಬ್ಬಳ್ಳಿ ಉಣಕಲ್ ಕಡೆಯ ಗುಜರಿ ಅಂಗಡಿ ಕಾಕಾ. ಕೂಡಿಟ್ಟಿದ್ದನ್ನೆಲ್ಲ ಒಂದು ದೊಡ್ಡ ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಅವರು ತಕ್ಕಡಿ ಮುಟ್ಟಲೇ ಇಲ್ಲ. ಮೊದಲು ಚೀಲವನ್ನು ನೆಲಕ್ಕೆ ಸುರುವಿದರು. ನೀರಿನ ಬಾಟಲಿ ಒಂದು ಕಡೆ, ಶಾಂಪೂ ಡಬ್ಬಿ, ಫಿನಾಯಿಲ್ ಕ್ಯಾನು ಇನ್ನೊಂದು ಕಡೆ, ಹಾಲಿನ ಪಾಕೀಟು ಮತ್ತೊಂದು ಕಡೆ. ಚಿಪ್ಸು, ಬಿಸ್ಕೀಟಿನ ಪಾಕೀಟುಗಳನ್ನು ಮಾತ್ರ ನನ್ನ ಚೀಲಕ್ಕೇ ವಾಪಸ್ ಹಾಕಿದರು. "ಇವು ನಡಿಯಂಗಿಲ್ರಿ ಅಕ್ಕಾರ, ಯಾರೂ ತಗೊಳ್ಳಂಗಿಲ್ಲ" ಎಂದರು.

ಕಾರಣ ಇಷ್ಟೇ. ಮುಚ್ಚಳ, ಲೇಬಲ್ಲು ಬಿಟ್ಟರೆ ನೀರಿನ ಬಾಟಲಿ ಒಂದೇ ಜಾತಿಯ ಪ್ಲಾಸ್ಟಿಕ್. ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತದೆ. ಶಾಂಪೂ ಡಬ್ಬಿಗೆ ಸಾಮಾನ್ಯವಾಗಿ 2. ಇವನ್ನು ಬೇರೆ ಬೇರೆ ಕರಗಿಸಿ ಮತ್ತೆ ವಸ್ತು ಮಾಡಬಹುದು. ಚಿಪ್ಸ್ ಪಾಕೀಟಿನಲ್ಲಿ ಎರಡು-ಮೂರು ಪದರ ಅಂಟಿಸಿರುತ್ತಾರೆ, ಒಳಗೆ ಹೊಳೆಯುವ ಲೋಹದ ಲೇಪ ಬೇರೆ. ಅದನ್ನು ಬಿಡಿಸುವುದು ಸುಲಭವಲ್ಲ. ಅಂಥದ್ದು ಹೋದರೆ ಸಿಮೆಂಟ್ ಕಾರ್ಖಾನೆಯ ಭಟ್ಟಿಗೆ, ಇಲ್ಲವಾದರೆ ಕಸದ ಗುಡ್ಡಕ್ಕೆ. ಗುರುತಿಸಲು ಒಂದು ಉಪಾಯವಿದೆ. ಖಾಲಿ ಪಾಕೀಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುದುಡಿ ಬಿಡಿ. ಒಳಗೆ ಹೊಳಪಿದ್ದು, ಅದು ಮತ್ತೆ ತಾನಾಗಿ ಅರಳಿಕೊಂಡರೆ ಈ ಜಾತಿಯದ್ದೇ ಅಂತ ತಿಳಿಯಿರಿ.

2022ರ ಜುಲೈ 1ರಿಂದ ದೇಶದ ತುಂಬ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ನಿಷೇಧವಾಗಿವೆ. ಚಿಪ್ಸ್ ಪಾಕೀಟು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಾನೇ ಒಂದು ನಿಯಮ ಮಾಡಿಕೊಂಡೆ. ಗುಜರಿಯವರು ತೂಗದೇ ಇರುವುದನ್ನು ಮನೆಗೆ ತರುವುದೇ ಕಡಿಮೆ ಮಾಡಬೇಕು.

ನಮ್ಮ ಊರಲ್ಲಿ ಇದು ಕಷ್ಟವಲ್ಲ. ಚುರುಮುರಿ, ಶೇಂಗಾ, ಪುಟಾಣಿ, ಬೇಳೆ ಎಲ್ಲ ಇನ್ನೂ ಬಿಡಿಯಾಗಿ ಸಿಗುತ್ತವೆ. ಕಿರಾಣಿ ಅಂಗಡಿಗೆ ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಖಾಲಿ ಡಬ್ಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಸಿ, ಆಮೇಲೆ ಕಾಳು ಹಾಕಿಸಬೇಕು. ಗದ್ದಲದ ಹೊತ್ತಿನಲ್ಲಿ ಅಂಗಡಿಯವರಿಗೆ ಇದು ಕಿರಿಕಿರಿ ಅಲ್ವಾ? ಅದಕ್ಕೆ ಮಧ್ಯಾಹ್ನ ಹೋಗುತ್ತೇನೆ. ಎಣ್ಣೆ ಗಾಣದವರ ಹತ್ತಿರ, ಕ್ಯಾನು ನಮ್ಮದೇ. ರೊಟ್ಟಿ ಕೊಂಡರೆ ಅರಿವೆಯಲ್ಲಿ ಕಟ್ಟಿಸಿಕೊಳ್ಳುತ್ತೇನೆ. ಹಾಗೆ ತಂದ ಖಡಕ್ ರೊಟ್ಟಿ ಮೆತ್ತಗಾಗುವುದೂ ಇಲ್ಲ. ಸಂತೆಗೆ ಹಳೆ ಸೀರೆಯಲ್ಲಿ ಹೊಲಿದ ಚೀಲ. ಬಟ್ಟೆ ಅಂಗಡಿಯಲ್ಲಿ ಕೊಡುವ, ಬಟ್ಟೆಯಂತೆ ಕಾಣುವ ತೆಳ್ಳನೆಯ ಬಣ್ಣಬಣ್ಣದ ಚೀಲವನ್ನು ನಂಬಬೇಡಿ. ಅದೂ ಪ್ಲಾಸ್ಟಿಕ್ಕೇ, ಸ್ವಲ್ಪ ದಿನದಲ್ಲಿ ಪುಡಿಪುಡಿಯಾಗಿ ಉದುರುತ್ತದೆ.

ಹಾಲಿನ ಪಾಕೀಟು ತಪ್ಪಿಸಲು ಆಗಲಿಲ್ಲ. ಆದರೆ ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ, ಒಂದೇ ಷರತ್ತು: ಸ್ವಚ್ಛವಾಗಿರಬೇಕು, ಒಣಗಿರಬೇಕು. ಮೂಲೆ ಕತ್ತರಿಸುವಾಗ ತುಣುಕು ಪೂರ್ತಿ ಬೇರೆಯಾಗದಂತೆ ಸ್ವಲ್ಪ ಅಂಟಿಸಿಯೇ ಬಿಡುತ್ತೇನೆ. ಉಗುರಿನಷ್ಟು ಆ ತುಣುಕು ಕಳಚಿ ಬಿದ್ದರೆ ಮೋರಿಗೆ ಹೋಗುತ್ತದೆ, ಯಾರ ಕೈಗೂ ಸಿಗುವುದಿಲ್ಲ. ಹಾಲು ಸುರುವಿದ ಮೇಲೆ ಪಾಕೀಟಿಗೆ ಅರ್ಧ ಲೋಟ ನೀರು ಹಾಕಿ ಅಲುಗಾಡಿಸಿ ಚಹಾ ಪಾತ್ರೆಗೆ ಹಾಕುತ್ತೇನೆ. ಆಮೇಲೆ ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಜಾಲಾಡಿಸಿ, ಒಳಗಿನದನ್ನು ಹೊರಗೆ ಮಾಡಿ, ಹಿತ್ತಲ ಹಗ್ಗಕ್ಕೆ ಚಿಮಟಿ ಹಾಕಿ ನೇತುಹಾಕುತ್ತೇನೆ. ನಲ್ಲಿ ನೀರು ದಿನಾ ಬರದ ಓಣಿ ನಮ್ಮದು, ಪಾಕೀಟಿಗೆಂದು ಹೊಸ ನೀರು ಖರ್ಚು ಮಾಡುವಂತಿಲ್ಲ. ಜಿಡ್ಡು ಉಳಿದರೆ ಹುಳಿ ವಾಸನೆ, ಇರುವೆ. ಅಂಥದ್ದನ್ನು ಕಾಕಾ ಮೂಸಿ ನೋಡಿಯೇ ಬದಿಗಿಡುತ್ತಾರೆ.

ಒಂದು ಮನೆಯ ಪಾಕೀಟು ತೂಗಿದರೆ ಏನೂ ಬರುವುದಿಲ್ಲ. ಅದಕ್ಕೆ ಪಕ್ಕದ ಮನೆ ವೈನಿ, ಮೇಲಿನ ಮನೆಯವರು ಎಲ್ಲ ಸೇರಿ ಒಂದೇ ಗೋಣಿಚೀಲದಲ್ಲಿ ಹಾಕುತ್ತೇವೆ. ವೈನಿ ಮೊದಲು ಒಪ್ಪಿರಲಿಲ್ಲ. "ಹಂಡೆ ಒಲಿ ಹಚ್ಚಾಕ ಬೇಕಾಗ್ತಾವ್ರೀ" ಅನ್ನುತ್ತಿದ್ದರು. ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ, ಅದರಲ್ಲೂ ಪೈಪು, ವೈರಿನ ಪಿವಿಸಿ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಬರುತ್ತದೆ. ಬಚ್ಚಲಲ್ಲಿ ಆ ಹೊಗೆ ಕುಡಿಯುವವರು ಮೊಮ್ಮಕ್ಕಳೇ ಅಂತ ಹೇಳಿದೆ. ಈಗ ತೆಂಗಿನ ಚಿಪ್ಪಿನಿಂದ ಒಲೆ ಹಚ್ಚುತ್ತಾರೆ.

ಹಸಿ ಕಸವನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟುವುದನ್ನು ನಿಲ್ಲಿಸಿದ್ದು ನನಗೆ ಬಹಳ ಸಮಾಧಾನ ಕೊಟ್ಟಿದೆ. ಗಂಟು ಕಟ್ಟಿದ ಚೀಲ ಬೀದಿಯಲ್ಲಿ ಬಿದ್ದರೆ ದನಗಳು ಒಳಗಿನ ಅನ್ನದಾಸೆಗೆ ಚೀಲ ಸಮೇತ ನುಂಗುತ್ತವೆ. ಈಗ ಬುಟ್ಟಿಯಿಂದ ನೇರ ಕಸದ ಗಾಡಿಗೆ. ಕಾಯಿಪಲ್ಲೆ ಸಿಪ್ಪೆಯೆಲ್ಲ ಹಿತ್ತಲಿನ ಗೊಬ್ಬರದ ಗಡಿಗೆಗೆ.

ಗುಳಿಗೆಯ ಪಟ್ಟಿ, ಟೂತ್‌ಪೇಸ್ಟ್ ಟ್ಯೂಬು, ಇವಕ್ಕೆ ನನಗಿನ್ನೂ ದಾರಿ ಸಿಕ್ಕಿಲ್ಲ. ಪಾರ್ಸೆಲ್ ಮೇಲೆ ಸುತ್ತಿ ಬರುವ ಗುಳ್ಳೆ ಹಾಳೆಯನ್ನು ಗಾಜಿನ ಸಾಮಾನು ಮಾರುವ ಅಂಗಡಿಯವರು ಕೇಳಿದ್ದಾರೆ, ಅವರಿಗೆ ಕೊಡುತ್ತೇನೆ. ಉಳಿದದ್ದು ಒಣ ಕಸದ ಜೊತೆ ಗಾಡಿಗೆ ಹೋಗುತ್ತಿದೆ.