ಆಷಾಢ, ಒಬ್ಬಟ್ಟಿನ ಕಟ್ಟು ಮತ್ತು ನನ್ನ ಲಿವರ್

"ಆಷಾಢದಲ್ಲಿ ಆಪರೇಷನ್ನಾ? ನಿಂಗೇನು ತಲೆ ಕೆಟ್ಟಿದೆಯಾ?" ಅಂತ ನಮ್ಮ ಅತ್ತೆ ಕೇಳಿದರು. ನಮ್ಮ ಯಜಮಾನರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಹೇಳಿದ ಹಾಗೇ ಇತ್ತು. ನಾದಿನಿ ಅಂತೂ "ಹದಿನಾಲ್ಕು ದಿನ ಬರೀ ನೀರು ಕುಡ್ಕೊಂಡು ಒಬ್ಬಟ್ಟಿನ ಅಂಗಡಿಯಲ್ಲಿ ನಿಲ್ತೀರಾ ಅತ್ತಿಗೆ, ನಾಲ್ಕು ದಿನ ನಿಂತು ತೋರಿಸಿ ನೋಡೋಣ" ಅಂದಿದ್ದಳು. ನಿಂತು ತೋರಿಸಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಮಾಡಿಸಿಕೊಂಡಿದ್ದು ಸ್ಲೀವ್ ಆಪರೇಷನ್, ಅಂದರೆ ತೂಕ ಇಳಿಸೋಕೆ ಜಠರದ ಹೆಚ್ಚು ಭಾಗ ತೆಗೆದು ಅದನ್ನು ಸಣ್ಣದು ಮಾಡೋದು. ಲಿವರ್‌ನ ಎಡಭಾಗ ಜಠರದ ಮೇಲೆ ಕೂತಿರುತ್ತೆ, ಕೊಬ್ಬು ತುಂಬಿದ್ದರೆ ಡಾಕ್ಟರಿಗೆ ಅದನ್ನು ಎತ್ತಿ ಹಿಡಿಯೋದು ಕಷ್ಟ, ಅದನ್ನು ಕುಗ್ಗಿಸೋಕೆ ಆಪರೇಷನ್‌ಗೆ ಮುಂಚೆ ಎರಡು ವಾರ ಬರೀ ಕುಡಿಯೋ ಪಥ್ಯ. ಅಷ್ಟು ಸಾಕು. ನಂದು ತುಮಕೂರು. ವಯಸ್ಸು 44, ಎತ್ತರ 5 ಅಡಿ 2 ಇಂಚು, ತೂಕ 112 ಕೆಜಿ, ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) 45. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮನೆಯ ಮುಂದಿನ ಕೋಣೆಯಲ್ಲೇ ಒಬ್ಬಟ್ಟು ಮಾಡಿ ಮಾರುತ್ತೇನೆ. ಈ ಕೊನೆಯ ವಿಷಯವೇ ನನ್ನ ದೊಡ್ಡ ತೊಂದರೆ, ಆಮೇಲೆ ಅದೇ ದಾರಿಯೂ ಆಯಿತು.

ಮೊದಲ ಸಲ ಪಥ್ಯ ಮಾಡಿದ್ದು 2025ರ ಮೇ ತಿಂಗಳಲ್ಲಿ. ವೈಶಾಖ. ಮದುವೆ ಸೀಸನ್ನು, ದಿನಕ್ಕೆ ಐನೂರು ಆರುನೂರು ಒಬ್ಬಟ್ಟಿನ ಆರ್ಡರು. ಡೇಟ್ ಖಾಲಿ ಇದೆ ಅಂತ ಬೆಂಗಳೂರಿನ ಆಸ್ಪತ್ರೆಯಿಂದ ಫೋನ್ ಬಂತು, ನಾನೂ ಯೋಚನೆ ಮಾಡದೆ ಹೂಂ ಅಂದುಬಿಟ್ಟೆ. ಡಯೆಟಿಷಿಯನ್ ಮೇಡಂ ಚೀಟಿ ಕೊಟ್ಟರು. ದಿನಕ್ಕೆ 800 ಕ್ಯಾಲರಿ, 70 ಗ್ರಾಂ ಪ್ರೋಟೀನ್, ಎರಡೂವರೆ ಲೀಟರ್ ನೀರಿನಂಥ ಪದಾರ್ಥ, ಸಕ್ಕರೆ ಬೆಲ್ಲ ಹಣ್ಣಿನ ರಸ ಏನೂ ಬೇಡ. ಚಾಕೊಲೇಟ್ ರುಚಿಯ ಒಂದು ಕೆಜಿ ಪ್ರೋಟೀನ್ ಡಬ್ಬಿ ತಂದೆ, ಎರಡು ಸಾವಿರದ ಎಂಟುನೂರು ಅಂತ ನೆನಪು. ರೆಡಿ ಬಾಟಲಿ ಸಿಗುತ್ತಲ್ಲ, ಅದನ್ನೂ ಆರು ತಂದೆ, ಒಂದೊಂದು ನೂರು ರೂಪಾಯಿ ಮೇಲೆ.

ಎರಡನೇ ದಿನಕ್ಕೇ ಆ ಸಿಹಿ ವಾಕರಿಕೆ ಬಂತು. ದಿನವಿಡೀ ಬೆಲ್ಲದ ಹಬೆಯಲ್ಲಿ ನಿಂತಿರೋಳಿಗೆ ಕುಡಿಯೋದೂ ಸಿಹಿ ಅಂದರೆ ಹೇಗೆ ಹೇಳಿ. ಎರಡು ಲೋಟ ಕುಡಿದು ಮೂರನೆಯದನ್ನು ಸಿಂಕಿಗೆ ಚೆಲ್ಲಿದೆ. ನಾಲ್ಕನೇ ದಿನ ಮಧ್ಯಾಹ್ನ ಹಂಚಿನ ಮುಂದೆ ನಿಂತವಳಿಗೆ ಕೈ ನಡುಗೋಕೆ ಶುರು, ಕುತ್ತಿಗೆಯೆಲ್ಲ ತಣ್ಣನೆ ಬೆವರು. ಮಗ ಮೀಟರಿನಲ್ಲಿ ನೋಡಿದ, ಶುಗರ್ 58. ಅಷ್ಟು ಕಮ್ಮಿ ತಿಂದುಕೊಂಡು ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ಎಂದಿನ ಹಾಗೇ ನುಂಗುತ್ತಿದ್ದೆ! ಸಕ್ಕರೆ ಕಾಯಿಲೆ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳದೆ ಪಥ್ಯ ಶುರು ಮಾಡಬೇಡಿ ಅಂತ ಚೀಟಿಯ ಹಿಂದಿನ ಪುಟದಲ್ಲಿ ಬರೆದಿತ್ತು. ನಾನು ಹಿಂದೆ ತಿರುಗಿಸಿಯೇ ನೋಡಿರಲಿಲ್ಲ. ಇದನ್ನು ಓದುತ್ತಿರುವ ಸಕ್ಕರೆ ಕಾಯಿಲೆಯವರು ಬೇರೆ ಏನು ಮರೆತರೂ ಸರಿ, ಇದನ್ನು ಮರೀಬೇಡಿ. ಮಾತ್ರೆ ಆಗಲಿ ಇನ್ಸುಲಿನ್ ಆಗಲಿ, ಎಷ್ಟು ತಗೋಬೇಕು ಅಂತ ಮೊದಲು ಕೇಳಿ.

ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಕಾಲು ಗಂಟೆ ಸುಮ್ನೆ ಕೂತಿದ್ದರೆ ಸಾಕಿತ್ತು. ಕುಡಿದೆ, ಆದರೆ ಕೂರಲಿಲ್ಲ. ಹಂಚಿನ ಪಕ್ಕದಲ್ಲಿ ಬಾಳೆಲೆ ಮೇಲೆ ಬಿಸಿ ಒಬ್ಬಟ್ಟು ಹರಡಿತ್ತು. ತುಪ್ಪ ಹಾಕಿಕೊಂಡು ಎರಡು ತಿಂದೆ ಅಂತ ಮನೆಯಲ್ಲಿ ಹೇಳಿದ್ದೆ. ಐದು. ಹೇಗೂ ಕೆಟ್ಟಿತಲ್ಲ ಅಂತ ರಾತ್ರಿ ಚಿತ್ರಾನ್ನವೂ ಆಯಿತು.

ಮಾರನೇ ದಿನ ಆಸ್ಪತ್ರೆಗೆ ಫೋನ್ ಮಾಡಿ ನಿಜ ಹೇಳಿದೆ. ಡಾಕ್ಟರ್ ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತಮ್ಮ, ಹೇಳದೆ ಬಂದು ಟೇಬಲ್ ಮೇಲೆ ಮಲಗೋರೂ ಇರ್ತಾರೆ" ಅಂದರು. ಆಪರೇಷನ್ ಮುಂದಕ್ಕೆ ಹೋಯಿತು, ಮುಂಗಡ ದುಡ್ಡು ಉಳಿಯಿತು. ಟೆಸ್ಟುಗಳು ಮಾತ್ರ ಹಳೆಯವಾದವು. ಎಂಡೋಸ್ಕೋಪಿ, ಸ್ಕ್ಯಾನ್, ರಕ್ತ ಎಲ್ಲ ಸೇರಿ ಮೊದಲು ಹದಿನಾರು ಸಾವಿರ ಹೋಗಿತ್ತು, ಅದರಲ್ಲಿ ಕೆಲವನ್ನು ಮತ್ತೆ ಮಾಡಿಸೋಕೆ ಇನ್ನೊಂದು ಆರೂವರೆ. ಚಾಕೊಲೇಟ್ ಡಬ್ಬಿ ಮಗ ಜಿಮ್ಮಿಗೆ ಹೋಗಿ ಬಂದು ಕುಡಿದು ಮುಗಿಸಿದ. ಐದು ಒಬ್ಬಟ್ಟಿನ ಬೆಲೆ ಸುಮಾರು ಹತ್ತು ಸಾವಿರ ಬಿತ್ತು ನನಗೆ.

ಜೂನ್‌ನಲ್ಲಿ ಬಹಳ ದಿನ ತಲೆ ಕೆಡಿಸಿಕೊಂಡೆ. ಆಗ ಒಂದು ದಿನ ಆರ್ಡರ್ ಪುಸ್ತಕ ತಿರುವುತ್ತಾ ಕೂತಿದ್ದಾಗ ಹೊಳೆಯಿತು. ಪ್ರತಿ ವರ್ಷ ಆಷಾಢ ಬಂದರೆ ಪುಟ ಖಾಲಿ! ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಾಮಕರಣಕ್ಕೂ ಯಾರೂ ಕರೆಯಲ್ಲ. ದಿನಕ್ಕೆ ನೂರು ಒಬ್ಬಟ್ಟು ಹೋದರೆ ಹೆಚ್ಚು. ಬಾಳೆಲೆ ಮುಂದೆ ಕೂರಿಸಿ "ಒಂದೇ ಒಂದು ಹಾಕ್ಸಿಕೊಳ್ಳಿ" ಅಂತ ಬಲವಂತ ಮಾಡೋರೂ ಇಲ್ಲ. ಪಥ್ಯ ಕೆಡೋದು ಹಸಿವಿಗಿಂತ ಜಾಸ್ತಿ ಊಟದ ಮನೆಯಲ್ಲಿ, ಅಲ್ವಾ? 2025ರ ಆಷಾಢ ಜೂನ್ 26ಕ್ಕೆ ಶುರು, ಜುಲೈ 24ಕ್ಕೆ ಭೀಮನ ಅಮಾವಾಸ್ಯೆ. ಜುಲೈ 1ರಿಂದ ಪಥ್ಯ, 15ಕ್ಕೆ ಆಪರೇಷನ್ ಅಂತ ಗೊತ್ತು ಮಾಡಿಕೊಂಡೆ. ಅತ್ತೆ ಎರಡು ದಿನ ಮಾತು ಬಿಟ್ಟರು. ಒಳ್ಳೇ ಕೆಲಸಕ್ಕೆ ಆಷಾಢ ಆಗಲ್ಲ ನಿಜ, ಆದರೆ ಉಪವಾಸಕ್ಕೆ ಇದಕ್ಕಿಂತ ಒಳ್ಳೇ ತಿಂಗಳು ಯಾವುದಿದೆ ಅಂದೆ. ಉತ್ತರ ಬರಲಿಲ್ಲ.

ಇನ್ನು ಕುಡಿಯೋದರ ವಿಷಯ. ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದರೆ ಕಟ್ಟು ಉಳಿಯುತ್ತೆ. ದಿನಾ ನಾಲ್ಕೈದು ಲೀಟರ್. ಅರ್ಧ ಅಕ್ಕಪಕ್ಕದವರು ಸಾರಿಗೆ ಒಯ್ಯುತ್ತಾರೆ, ಮಿಕ್ಕಿದ್ದು ಚೆಲ್ಲೋದು. ಮೂವತ್ತು ರೂಪಾಯಿಯ ಸೂಪ್ ಪ್ಯಾಕೆಟ್ ತಂದು ಕುಡಿಯುತ್ತಾ, ಕಟ್ಟನ್ನು ಮೋರಿಗೆ ಸುರಿಯುತ್ತಿದ್ದೆ ನೋಡಿ ನಾನು! ಬೇಳೆ ನೀರು ತಾನೇ, ಪ್ರೋಟೀನೂ ಇರುತ್ತೆ ಅಂದುಕೊಂಡು ಖುಷಿಯಾಗಿ ಮೇಡಂಗೆ ಹೇಳಿದರೆ ಅವರು ನಕ್ಕರು. ಪ್ರೋಟೀನ್ ಬೇಳೆಯಲ್ಲೇ ಇರುತ್ತೆ, ನೀರಿಗೆ ಬರೋದು ತೀರಾ ಸ್ವಲ್ಪ, ಬರೀ ಕಟ್ಟು ಕುಡಿದರೆ ಸುಸ್ತಾಗಿ ಬೀಳ್ತೀರಿ ಅಂದರು. ಸರಿ, ಹಾಗಾದರೆ ಕಟ್ಟಿಗೇ ಪುಡಿ ಹಾಕಿದರೆ? ಯಾವ ರುಚಿಯೂ ಇಲ್ಲದ ವ್ಹೇ ಐಸೊಲೇಟ್ ಅನ್ನೋ ಹಾಲಿನ ಪ್ರೋಟೀನ್ ಪುಡಿ ಸಿಗುತ್ತೆ. ಒಂದು ಕೆಜಿ, ಆಮೇಲೆ ಸಾಲದೆ ಇನ್ನರ್ಧ ಕೆಜಿ, ಎರಡೂ ಸೇರಿ ನಾಲ್ಕೂವರೆ ಸಾವಿರದ ಹತ್ತಿರ. ಕಿಡ್ನಿಯ ರಿಪೋರ್ಟ್ ನೋಡಿದ ಮೇಲೇ ಮೇಡಂ ದಿನಕ್ಕೆ ಮೂರು ಸ್ಕೂಪ್ (ಡಬ್ಬಿಯಲ್ಲಿರೋ ಅಳತೆ ಚಮಚ) ಅಂದರು. "ಸಾರಿನಲ್ಲಿ ಹಾಕಿ ಯಾರೂ ಕುಡಿದಿದ್ದು ನೋಡಿಲ್ಲ, ನಿಮ್ಮಿಷ್ಟ" ಅಂತಲೂ ಅಂದರು.

ಪಥ್ಯಕ್ಕೆ ಮುಂಚೆ ಒಂದು ವಾರ ಪ್ರಯೋಗ ಮಾಡಿದೆ. ಮೊದಲ ದಿನ ಕುದಿಯೋ ಸಾರಿಗೆ ಪುಡಿ ಹಾಕಿದೆ, ಒಡೆದ ಹಾಲಿನ ಹಾಗೆ ಗಂಟುಗಂಟಾಗಿ ತೇಲಿತು. ಸೋಸಿದರೆ ಪ್ರೋಟೀನೆಲ್ಲ ಸೋಸುವ ಬಟ್ಟೆಯಲ್ಲೇ ಉಳಿಯಿತು. ಎರಡನೇ ದಿನ ಕುದಿ ಇಳಿಸಿ ಹಾಕಿದೆ, ಆದರೆ ಹುಣಸೆ ಹುಳಿ ಇತ್ತು, ಮತ್ತೆ ಗಂಟು. ಮೂರನೇ ದಿನ ಮಿಕ್ಸಿಗೆ ಹಾಕಿದೆ, ಮಿಕ್ಸಿ ತುಂಬ ನೊರೆ, ಅಡುಗೆ ಕಟ್ಟೆಯೆಲ್ಲ ಸಾರು. ಕೊನೆಗೆ ಹದ ಸಿಕ್ಕಿತು. ಕಟ್ಟನ್ನು ಒಂದು ಗಂಟೆ ಅಲುಗಾಡಿಸದೆ ಇಟ್ಟು ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ, ಅಡಿಯ ಗಸಿ ಹಿಟ್ಟು ಹಿಟ್ಟಾಗಿರುತ್ತೆ, ಅದು ಬೇಡ. ಪುಡಿಯನ್ನು ಮೊದಲು ತಣ್ಣಗಿರುವ ಕಟ್ಟಿನಲ್ಲಿ ಚಮಚದಿಂದ ಮಜ್ಜಿಗೆ ಹದಕ್ಕೆ ಕದಡಿ. ಒಗ್ಗರಣೆ ಸಾರಿನ ಪುಡಿ ಎಲ್ಲ ಹಾಕಿ ಕುದಿಸಿದ ಕಟ್ಟನ್ನು ಕಿರುಬೆರಳು ಅದ್ದಿದರೆ ಹಿತ ಅನಿಸೋವರೆಗೆ ಆರಿಸಿ, ನಿಧಾನಕ್ಕೆ ಕದಡಿಟ್ಟ ಪುಡಿಗೆ ಹುಯ್ಯಿರಿ. ಪುಡಿಯನ್ನು ಸಾರಿಗೆ ಹಾಕಬೇಡಿ, ಸಾರನ್ನೇ ಪುಡಿಗೆ. ನಿಂಬೆಹುಳಿ ಕುಡಿಯುವಾಗ ನಾಲ್ಕು ಹನಿ. ಅಷ್ಟೇ. ಕಣ್ಣು ಮುಚ್ಚಿಕೊಂಡು ಕುಡಿದರೆ ಒಬ್ಬಟ್ಟಿನ ಸಾರಿಗೆ ಒಂಚೂರು ಹಾಲು ಬಿದ್ದ ಹಾಗೆ ಇರುತ್ತೆ.

ಸಾರಿನ ಪುಡಿಯ ಅಳತೆ ಕೇಳಬೇಡಿ, ಅದು ಅಂಗಡಿ ಗುಟ್ಟು. ಬೆಲ್ಲ, ಕೊಬ್ಬರಿ ಇಲ್ಲದೆ ಆ ರುಚಿ ತರೋಕೆ ಒಂದು ಸಾಮಾನು ಜಾಸ್ತಿ ಹುರಿಯಬೇಕು, ಅಷ್ಟು ಮಾತ್ರ ಹೇಳ್ತೀನಿ.

ದಿನಕ್ಕೆ ಎರಡು ಸ್ಕೂಪ್ ಕಟ್ಟಿನಲ್ಲಿ, ಒಂದು ಬೆಳಿಗ್ಗೆ ಮಜ್ಜಿಗೆಯಲ್ಲಿ. ಕೆನೆ ತೆಗೆದ ಹಾಲಿನ ಮೊಸರು, ಶುಂಠಿ, ಇಂಗು, ಕರಿಬೇವು ಹಾಕಿ ಸೋಸಿ, ನೊರೆ ಇಳಿಯೋಕೆ ಹತ್ತು ನಿಮಿಷ ಬಿಡೋದು. ಹುರುಳಿ ಕಟ್ಟೂ ಮಾಡಿ ನೋಡಿದೆ. ರುಚಿ ಬಹಳ ಚೆನ್ನಾಗಿತ್ತು. ಆದರೆ ರಾತ್ರಿಯೆಲ್ಲ ಹೊಟ್ಟೆ ಗುಡುಗುಡು, ಬಿಟ್ಟೆ. ಮಜ್ಜಿಗೆಯನ್ನು ಐಸ್‌ಕ್ಯಾಂಡಿ ಅಚ್ಚಿನಲ್ಲಿ ಇಟ್ಟಿದ್ದು ಮಾತ್ರ ಗೆದ್ದಿತು. ಜಗಿಯೋಕೆ ಏನಾದರೂ ಬೇಕು ಅಂತ ಹಲ್ಲು ಕಡಿಯುತ್ತಲ್ಲ, ಆಗ ಅದನ್ನು ಕಡಿದು ತಿನ್ನುತ್ತಿದ್ದೆ. ಬಾಯಿ ವಾಸನೆಗೆ ಏಲಕ್ಕಿ ಇಟ್ಟುಕೊಂಡೆ, ತಪ್ಪು ಮಾಡಿದೆ, ಏಲಕ್ಕಿ ಅಂದರೆ ನನ್ನ ಮೂಗಿಗೆ ಹೂರಣ. ಲವಂಗಕ್ಕೆ ಬದಲಾಯಿಸಿದೆ.

ಎರಡು, ಮೂರು, ನಾಲ್ಕನೇ ದಿನ ನರಕ. ತಲೆನೋವು, ಎಲ್ಲರ ಮೇಲೂ ರೇಗಾಟ, ಜುಲೈ ಚಳಿಗೆ ಹಲ್ಲು ಕಟಕಟ. ಹೊಟ್ಟೆ ಕಟ್ಟಿಕೊಂಡಿತು, ಮೇಡಂನ ಕೇಳಿ ಇಸಬ್‌ಗೋಲ್ ತಗೊಂಡೆ. ಈ ಸಲ ಗ್ಲಿಮೆಪಿರೈಡ್ ನಿಲ್ಲಿಸಿ ಇನ್ನೊಂದು ಮಾತ್ರೆ ಮಾತ್ರ ಉಳಿಸಿದ್ದರು, ದಿನಕ್ಕೆ ನಾಲ್ಕು ಸಲ ಶುಗರ್ ನೋಡಿಕೊಳ್ಳುತ್ತಿದ್ದೆ. ಆರನೇ ದಿನ ಭಾನುವಾರ ಪ್ರಥಮ ಏಕಾದಶಿ ಬಂತು. ಅತ್ತೆಯದೂ ಉಪವಾಸ. ಮಧ್ಯಾಹ್ನ ಅವರಿಗೆ ಅವಲಕ್ಕಿ, ನನಗೆ ಮಜ್ಜಿಗೆ, ಎದುರುಬದುರು ಕೂತೆವು. ಆ ದಿನದಿಂದ ಹಸಿವು ಮಂಕಾಯಿತು, ಅವರ ಮಾತೂ ಸರಾಗವಾಯಿತು.

ಆದರೆ ನಿಜವಾದ ಕಳ್ಳ ಬೇರೆ ಇದ್ದ. ಮೂರನೇ ದಿನ ಶುಗರ್ ಏಕೋ ಇಳಿಯುತ್ತಿಲ್ಲ ಅಂತ ಯೋಚಿಸುತ್ತಿದ್ದಾಗ ಅಂಗಡಿಯ ಹುಡುಗಿ ಕೇಳಿದಳು, "ಅಕ್ಕಾ, ಹೂರಣ ಬಾಯಿಗೆ ಹಾಕ್ಕೊಂಡ್ರಲ್ಲ, ಅದು ಪಥ್ಯಕ್ಕೆ ನಡೆಯುತ್ತಾ?" ನನಗೆ ಗೊತ್ತೇ ಆಗಿರಲಿಲ್ಲ! ಇಪ್ಪತ್ತು ವರ್ಷದ ಅಭ್ಯಾಸ, ಬೆಲ್ಲ ಹಾಕಿದಾಗ ಒಂದು ಚಿಟಿಕೆ, ರುಬ್ಬುವಾಗ ಒಂದು, ಉಂಡೆ ಕಟ್ಟುವಾಗ ಬೆರಳಿಗೆ ಅಂಟಿದ್ದು. ಕುತೂಹಲಕ್ಕೆ ಹತ್ತು ಚಿಟಿಕೆ ತೆಗೆದು ತಕ್ಕಡಿಗೆ ಹಾಕಿದೆ. ತೊಂಬತ್ತು ಗ್ರಾಂ. ದಿನಕ್ಕೆ ಇಪ್ಪತ್ತು ಸಲ ಅಂದರೂ ನಾಲ್ಕು ಒಬ್ಬಟ್ಟಿನ ಹೂರಣ. ಇದನ್ನು ಬಿಟ್ಟು ನಾನು ಹನ್ನೆರಡು ವರ್ಷದಿಂದ "ಏನೂ ತಿನ್ನಲ್ಲ ಡಾಕ್ಟ್ರೇ, ಆದರೂ ದಪ್ಪ ಆಗ್ತೀನಿ" ಅಂತಿದ್ದೆ.

ಅವತ್ತೇ ಬಾಯಿಗೆ ಮಾಸ್ಕ್ ಕಟ್ಟಿದೆ. ಬೇಳೆ, ಬೆಲ್ಲ ಎರಡನ್ನೂ ತೂಕ ಮಾಡಿ ಹಾಕೋಕೆ ಶುರು ಮಾಡಿದೆ, ರುಚಿ ನೋಡೋದು ಹುಡುಗಿಯ ಕೆಲಸ. ಐದನೇ ದಿನಕ್ಕೆ ಬೆಳಗಿನ ಶುಗರ್ 180ರಿಂದ 130ಕ್ಕೆ ಬಂತು, ಹದಿನಾಲ್ಕನೇ ದಿನ 112.

ಆಪರೇಷನ್ ದಿನ ತೂಕ 106 ಚಿಲ್ಲರೆ. ಆರು ಕೆಜಿ ಹತ್ತಿರ ಇಳಿದಿತ್ತು, ಅದರಲ್ಲಿ ನೀರೇ ಜಾಸ್ತಿ ಅಂತ ಮೇಡಂ ನನ್ನ ಉತ್ಸಾಹಕ್ಕೆ ನೀರು ಹಾಕಿದರು. ಡಾಕ್ಟರ್ ಮಾತ್ರ ಸಂಜೆ ರೌಂಡ್ಸಿಗೆ ಬಂದಾಗ ಕಾಲ ಬಳಿ ನಿಂತು, "ಲಿವರ್ ಮೆತ್ತಗಿತ್ತಮ್ಮ, ಸಲೀಸಾಗಿ ಎತ್ತಿ ಹಿಡಿದ್ವಿ. ಏನು ಕುಡಿದ್ರಿ?" ಅಂದರು. ಒಬ್ಬಟ್ಟಿನ ಸಾರು ಅಂದೆ. ಅರಿವಳಿಕೆ ಇನ್ನೂ ಇಳಿದಿಲ್ಲ ಅಂದುಕೊಂಡಿರಬೇಕು.

ಒಟ್ಟು ಖರ್ಚು ನಾಲ್ಕು ಲಕ್ಷದ ಆಸುಪಾಸು. ಇನ್ಶೂರೆನ್ಸಿನವರು ಬಹುಪಾಲು ಕೊಟ್ಟರು. ಬಿಎಂಐ 40ರ ಮೇಲಿತ್ತು, ಪಾಲಿಸಿಗೂ ಐದು ವರ್ಷ ಆಗಿತ್ತು. ಆದರೂ ಹಿಂದೆ ತೂಕ ಇಳಿಸೋಕೆ ಏನೇನು ಮಾಡಿದ್ದಿರಿ ಅಂತ ಹಳೇ ಚೀಟಿಗಳನ್ನೆಲ್ಲ ಕೇಳಿದರು, ಹಾಗಾಗಿ ಯಾವುದನ್ನೂ ಎಸೀಬೇಡಿ. ಟೆಸ್ಟು, ಪುಡಿ, ಓಡಾಟ ನಮ್ಮ ಕೈಯಿಂದಲೇ.

ಈಗ ನಾದಿನಿಯೂ ಮಾಡಿಸಿಕೊಳ್ಳೋಕೆ ಹೊರಟಿದ್ದಾಳೆ. ಮುಂದಿನ ಆಷಾಢದವರೆಗೆ ಯಾರು ಕಾಯ್ತಾರೆ ಅತ್ತಿಗೆ, ಪಿತೃಪಕ್ಷ ಆಗಲ್ವಾ, ಅದೂ ಹದಿನೈದೇ ದಿನ, ಮದುವೆಗಿದುವೆ ಇರಲ್ಲ ಅಂತ ಕೇಳಿದಳು. ಮದುವೆ ಇರಲ್ಲ ನಿಜ, ಆದರೆ ಎಡೆ ಇಡೋಕೆ ವಡೆ ಪಾಯಸ ಮಾಡೋಳು ನೀನೇ ತಾನೇ ಅಂದೆ. ಹಾಗಾದರೆ ಧನುರ್ಮಾಸ ಅಂದಳು. ಅವಳ ಮನೆ ಇರೋದು ದೇವಸ್ಥಾನದ ಎದುರಿಗೆ. ಬೆಳಿಗ್ಗೆ ಆರಕ್ಕೇ ಹುಗ್ಗಿ ವಾಸನೆ.