ನಾವು ತೇದಿ ಗೊತ್ತುಮಾಡಿದ ಉಜ್ಜೀವನ

ಧಾರವಾಡ ಜಿಲ್ಲೆಯ ಸಣ್ಣ ಊರೊಂದರ ಕ್ರೈಸ್ತ ಸಭೆಗೆ ಪಾಲಕನಾಗಿ ಹೋದ ಮೂರನೆಯ ವರ್ಷ ನಾನು ಮೂರು ದಿನಗಳ ಉಜ್ಜೀವನ ಕೂಟವನ್ನು, ಅಂದರೆ ಸಭೆಯ ನಂಬಿಕೆ ಮತ್ತೆ ಜೀವ ಪಡೆಯಲೆಂದು ನಡೆಸುವ ಕೂಟವನ್ನು, ಏರ್ಪಡಿಸಿದೆ. ಆರು ತಿಂಗಳ ಮೊದಲೇ ಸಮಿತಿ ರಚಿಸಿ, ಕಾಣಿಕೆ ಲಕೋಟೆಗಳನ್ನು ಮನೆಮನೆಗೆ ಹಂಚಿ, ಬೇರೆ ರಾಜ್ಯದಿಂದ ಹೆಸರಾಂತ ಬೋಧಕರನ್ನು ಕರೆಸಿ, ಶಾಮಿಯಾನ, ಧ್ವನಿವರ್ಧಕ, ವಾದ್ಯ ಎಂದು ಒಂದೊಂದಕ್ಕೂ ಒಬ್ಬೊಬ್ಬ ಹಿರಿಯರನ್ನು ನೇಮಿಸಿದೆವು. ಕೊನೆಯ ರಾತ್ರಿ ಯೇಸುವನ್ನು ನಂಬಿ ನಡೆಯುವೆನೆಂದು ಕೈ ಎತ್ತಿದವರಿಂದ ಬರೆಯಿಸಿಕೊಂಡ ನಿರ್ಧಾರ ಚೀಟಿಗಳು 63 ಇದ್ದವು. ಅವುಗಳಲ್ಲಿ ಹೆಚ್ಚಿನವು ಪ್ರತಿ ವರ್ಷವೂ ಕೈ ಎತ್ತುವ ನಮ್ಮವರದೇ ಎಂಬುದು ಅಕ್ಷರ ನೋಡಿದೊಡನೆ ನನಗೆ ತಿಳಿದಿತ್ತು. ಆದರೂ ವರದಿಯಲ್ಲಿ 63 ಆತ್ಮಗಳು ರಕ್ಷಣೆ ಹೊಂದಿದವು ಎಂದೇ ಬರೆದು ಕಳುಹಿಸಿದೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಸಭೆ ಮೊದಲಿನಂತೆಯೇ ಇತ್ತು. ಹೊಲದ ಬದುವಿನ ಜಗಳದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು, ಇಬ್ಬರೂ ಚೀಟಿ ಬರೆದುಕೊಟ್ಟವರೇ, ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬೇರೆ ಬೇರೆ ಸಾಲುಗಳಲ್ಲಿ ಬರುತ್ತಿದ್ದರು.

ಆ ದಿನಗಳಲ್ಲಿ ಪಂಡಿತಾ ರಮಾಬಾಯಿಯವರ ಜೀವನವನ್ನು ಮತ್ತೆ ಓದಿದೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಆಕೆ, ಪುಣೆಯ ಸಮೀಪದ ಕೇಡಗಾಂವದಲ್ಲಿ ವಿಧವೆಯರಿಗೂ ಬರಗಾಲಕ್ಕೆ ಸಿಕ್ಕಿದ ಹೆಣ್ಣುಮಕ್ಕಳಿಗೂ ಮುಕ್ತಿ ಸದನವನ್ನು ಕಟ್ಟಿದರು. 1905ರ ಜನವರಿಯಲ್ಲಿ, ಉಜ್ಜೀವನಕ್ಕಾಗಿ ದಿನಾಲೂ ತಮ್ಮೊಡನೆ ಪ್ರಾರ್ಥಿಸುವವರು ಯಾರೆಂದು ಅವರು ಕೇಳಿದಾಗ 70 ಮಂದಿ ಎದ್ದುನಿಂತರು. ಜೂನ್ ಹೊತ್ತಿಗೆ 550 ಮಂದಿ ದಿನಕ್ಕೆರಡು ಸಲ ಕೂಡುತ್ತಿದ್ದರು. ಆ ತಿಂಗಳ ಕೊನೆಯಲ್ಲಿ ಹುಡುಗಿಯೊಬ್ಬಳು ಮೈಯೆಲ್ಲ ಬೆಂಕಿ ಹತ್ತಿದಂತಾಗಿ ಎದ್ದಾಗ, ಜೊತೆಯವಳು ಅವಳ ಮೇಲೆ ಸುರಿಯಲು ನೀರಿನ ಬಕೆಟ್ಟಿಗಾಗಿ ಓಡಿದಳಂತೆ. ಆ ಬಕೆಟ್ಟು ನನ್ನನ್ನು ಬಹಳ ದಿನ ಕಾಡಿತು. ಏನು ನಡೆಯಬೇಕೆಂದು ಅಲ್ಲಿ ಯಾರೂ ಮೊದಲೇ ಗೊತ್ತುಮಾಡಿರಲಿಲ್ಲ ಎಂಬುದಕ್ಕೆ ನನಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ನಾನೂ ಶುಕ್ರವಾರ ಬೆಳಗಿನ ಐದು ಗಂಟೆಗೆ ಪ್ರಾರ್ಥನೆಯನ್ನು ಆರಂಭಿಸಿದೆ. ಆದರೆ ನನ್ನ ಹಳೆಯ ಮನಸ್ಸು ಅಲ್ಲಿಗೂ ನನ್ನ ಹಿಂದೆಯೇ ಬಂದಿತ್ತು. ಎಪ್ಪತ್ತು ಐನೂರೈವತ್ತಾದರೆ ನಮ್ಮ ನಾಲ್ವರು ನಲವತ್ತಾದರೂ ಆಗಬಾರದೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವಾರವೂ ಬಂದವರ ಹೆಸರು ಬರೆಯತೊಡಗಿದೆ. ಹನ್ನೊಂದನೆಯ ವಾರವೂ ನಾಲ್ವರೇ ಇದ್ದೆವು. ನಾನು ಪೆನ್ನು ತೆಗೆಯುವುದನ್ನು ಕಂಡು, ಕಣ್ಣಿನ ಪೊರೆಯಿಂದ ದೃಷ್ಟಿ ಮಂದವಾಗಿದ್ದರೂ ಗೋಡೆ ಹಿಡಿದುಕೊಂಡು ತಪ್ಪದೆ ಬರುತ್ತಿದ್ದ ಅಜ್ಜಿಯೊಬ್ಬರು, "ಅಯ್ಯಾರ, ದೇವರ ಹತ್ರ ಕೇಳಾಕ ಬಂದೀರೋ, ನಮ್ಮ ಹಾಜರಿ ಹಾಕಾಕ ಬಂದೀರೋ?" ಎಂದರು.

ಉತ್ತರ ಕೊಡಲಾಗಲಿಲ್ಲ. ಶಾಮಿಯಾನದ ಜಾಗದಲ್ಲಿ ನಾನು ಪ್ರಾರ್ಥನೆಯನ್ನು ಇಟ್ಟಿದ್ದೆನೇ ಹೊರತು ಭರವಸವನ್ನು ನನ್ನ ಏರ್ಪಾಡಿನಿಂದ ದೇವರ ಮೇಲಕ್ಕೆ ಸರಿಸಿರಲಿಲ್ಲ. ಅಮೆರಿಕದ ಬೋಧಕ ಚಾರ್ಲ್ಸ್ ಫಿನ್ನಿ, ರೈತನು ತಕ್ಕ ಕ್ರಮದಿಂದ ಬಿತ್ತಿ ಬೆಳೆ ಪಡೆಯುವಂತೆಯೇ ತಕ್ಕ ಸಾಧನಗಳನ್ನು ಸರಿಯಾಗಿ ಬಳಸಿದರೆ ಉಜ್ಜೀವನವೂ ಬರುತ್ತದೆ ಎಂದು 1835ರಲ್ಲಿ ಅಚ್ಚಾದ ತಮ್ಮ ಉಪನ್ಯಾಸಗಳಲ್ಲಿ ವಾದಿಸಿದ್ದರು. ಎರಡಕ್ಕೂ ದೇವರ ಆಶೀರ್ವಾದ ಬೇಕು ಎಂದು ಅವರೂ ಹೇಳಿದ್ದರು. ಆ ಮಾತನ್ನು ಬಿಟ್ಟು ಉಳಿದುದನ್ನು ಮಾತ್ರ ನಾನು ಹಿಡಿದುಕೊಂಡಿದ್ದೆ. ನಮ್ಮ ಎರೆಭೂಮಿಯ ರೈತರು ಕೂರಿಗೆ ಹೂಡುತ್ತಾರೆ. ಮಳೆಯನ್ನು ಯಾರೂ ಹೂಡಲಾರರು. ಕೂಟ ನಡೆಸುವುದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಬಲದಿಂದಲ್ಲ, ದೇವರ ಆತ್ಮದಿಂದಲೇ ಎಂಬ ಬೈಬಲಿನ ಪ್ರವಾದಿ ಜೆಕರ್ಯನ ವಾಕ್ಯವನ್ನು ನಮ್ಮ ಬ್ಯಾನರಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ, ಕೆಲಸವನ್ನೆಲ್ಲ ನಮ್ಮ ಬಲದಿಂದಲೇ ಮಾಡಿದೆವಲ್ಲ, ಅದು ತಪ್ಪು.

ಮುಂದಿನ ಭಾನುವಾರ ಪ್ರಸಂಗವನ್ನು ಬದಿಗಿಟ್ಟು ಆ 63ರ ಸುಳ್ಳನ್ನು ಸಭೆಯ ಮುಂದೆ ನಿವೇದಿಸಿದೆ. ಯಾರನ್ನೂ ಮುಂದೆ ಕರೆಯಲಿಲ್ಲ, ಹಾಡನ್ನೂ ಹಾಡಿಸಲಿಲ್ಲ. ಬಹಳ ಹೊತ್ತಿನ ಮೌನದ ನಂತರ ಆ ಅಣ್ಣತಮ್ಮಂದಿರಲ್ಲಿ ಹಿರಿಯವನು ಎದ್ದು, ರಾತ್ರಿ ಹೋಗಿ ಬದುವಿನ ಕಲ್ಲನ್ನು ಕಿತ್ತು ನೆಟ್ಟವನು ತಾನೇ ಎಂದು ಹೇಳಿ ಅತ್ತನು. ತಮ್ಮನು ಆ ದಿನ ಏನೂ ಹೇಳದೆ ಹೊರಟುಹೋದನು. ಕಲ್ಲು ಮೊದಲಿನ ಜಾಗಕ್ಕೆ ಬಂದದ್ದು, ಇಬ್ಬರೂ ಒಂದೇ ಸಾಲಿನಲ್ಲಿ ಮೊಣಕಾಲೂರಿದ್ದು ಮೂರು ತಿಂಗಳ ನಂತರ. ಪಾತ್ರೆಯನ್ನು ಒಬ್ಬನಿಂದ ಇನ್ನೊಬ್ಬನ ತುಟಿಗೆ ಹಿಡಿಯುವಾಗ ನನ್ನ ಕೈ ನಡುಗುತ್ತಿತ್ತು. ಅದಾದ ಮೇಲೆ ಸಾಲ ತೀರಿಸಿದವರು, ಕ್ಷಮೆ ಕೇಳಲು ಪಕ್ಕದ ಊರಿಗೆ ನಡೆದುಹೋದವರು ಇದ್ದರು. ಅವರಲ್ಲಿ ಯಾರಿಗೂ ಹಾಗೆ ಮಾಡಿರೆಂದು ನಾನು ಹೇಳಿರಲಿಲ್ಲ.

ಆ ವರ್ಷ ಸಭೆಗೆ ಹೊಸಬರು ಯಾರೂ ಸೇರಲಿಲ್ಲ. ವರದಿಯ ಆ ಅಂಕಣದಲ್ಲಿ ಸೊನ್ನೆ ಬರೆದು, ಹಿಂದಿನ ಸಂಖ್ಯೆ ಸುಳ್ಳೆಂದು ಕೆಳಗೆ ಒಂದು ಸಾಲು ಸೇರಿಸಿ ಕಳುಹಿಸಿದೆ.