ನಾಯಕ ಸತ್ತ, ಲಾರಿ ಬಿಡಬಹುದಾ? – ನನ್ನ ಅನುಭವ

2025ರ ಮೇ 21ರ ರಾತ್ರಿ ಹುಬ್ಬಳ್ಳಿಯಿಂದ ಫೋನ್ ಬಂತು. ಛತ್ತೀಸ್‌ಗಢದ ಗಡಿಗೆ ಅಂಟಿದ ಮಹಾರಾಷ್ಟ್ರದ ಗಡ್‌ಚಿರೋಲಿ ಕಡೆ ಹದಿನೆಂಟೋ ಇಪ್ಪತ್ತೋ ಲಾರಿ ಓಡಿಸುವ ಕಂಟ್ರಾಕ್ಟರು. "ನಕ್ಸಲರ ದೊಡ್ಡ ತಲೆ ಬಸವರಾಜು ಹೋದನಂತಲ್ಲ. ಈಗ ಲಾರಿ ಜಾಸ್ತಿ ಮಾಡ್ಲಾ, ಇರೋದನ್ನೂ ವಾಪಸ್ ಕರೆಸ್ಲಾ?"

ಮಾಟುಂಗಾದ ಹತ್ತು ಬೈ ಹತ್ತರ ಕೋಣೆಯಲ್ಲಿ ಕೂತು ಕಂಪನಿಗಳಿಗೆ ರಿಸ್ಕ್ ರಿಪೋರ್ಟ್ ಬರೆಯುವುದು ನನ್ನ ಹೊಟ್ಟೆಪಾಡು. ಇದೇ ಕೆಲಸದಲ್ಲಿರುವವರಿಗೆ ಗೊತ್ತು, ನಾಯಕ ಸತ್ತ ದಿನ ಫೋನ್ ನಿಲ್ಲುವುದಿಲ್ಲ. ಅವತ್ತು ನಾನು ಕೊಟ್ಟ ಉತ್ತರಕ್ಕೆ, ಇದೇ ಕೆಲಸ ಮಾಡುವ ನಮ್ಮ ಗುಂಪಿನವರು ನಕ್ಕಿದ್ದರು. ಆ ಕಥೆ ಆಮೇಲೆ. ಮೊದಲು ಕಳೆದುಕೊಂಡ ದುಡ್ಡಿನ ವಿಷಯ ಹೇಳಿಬಿಡುತ್ತೇನೆ.

2014ರ ಸೆಪ್ಟೆಂಬರ್ 1ರಂದು ಉಗ್ರರ ಗುಂಪು ಅಲ್-ಶಬಾಬ್‌ನ ನಾಯಕ ಗೊಡಾನೆ ಸೊಮಾಲಿಯಾದಲ್ಲಿ ಅಮೆರಿಕದ ದಾಳಿಯಲ್ಲಿ ಸತ್ತ. ಆಗ ನನ್ನ ಲೆಕ್ಕ ಸಿಂಪಲ್ ಆಗಿತ್ತು. ಹಿಂದಿನ ವರ್ಷವಷ್ಟೇ ಗೊಡಾನೆ ತನ್ನವರಲ್ಲೇ ಎದುರು ಮಾತಾಡಿದವರನ್ನು ಮುಗಿಸಿದ್ದ. ಇನ್ನು ಗುಂಪು ಒಡೆಯುತ್ತದೆ, ತೊಂಬತ್ತು ದಿನ ನೋಡಿದರೆ ಸಾಕು ಅಂದುಕೊಂಡೆ. ತೊಂಬತ್ತು ದಿನ ಕಳೆಯಿತು. ಅಂಧೇರಿಯ ಒಬ್ಬ ಔಷಧ ರಫ್ತುದಾರನಿಗೆ ಪಕ್ಕದ ಕೆನ್ಯಾಕ್ಕೆ ಹಸಿರು ಗುರುತು, ಅಂದರೆ ಹೋಗಬಹುದು ಎಂಬ ಸಲಹೆ ಕೊಟ್ಟೆ. 2015ರ ಏಪ್ರಿಲ್ 2ರಂದು ಅದೇ ಕೆನ್ಯಾದ ಗರಿಸ್ಸಾ ವಿಶ್ವವಿದ್ಯಾಲಯದಲ್ಲಿ ಅಲ್-ಶಬಾಬ್‌ನವರು 148 ಜನರನ್ನು ಕೊಂದರು. ನನ್ನ ಗಿರಾಕಿಯ ಹುಡುಗರು ನೈರೋಬಿಯಲ್ಲಿ ಸುರಕ್ಷಿತವಾಗಿದ್ದರು, ದೇವರು ದೊಡ್ಡವನು. ಆದರೆ ವರ್ಷದ ಕಾಂಟ್ರಾಕ್ಟ್ ಹೋಯಿತು. ಸುಮಾರು ಎರಡೂವರೆ ಲಕ್ಷ. ಡೊಂಬಿವಲಿ ಮನೆಯ ಎರಡು ಕಂತು ತಪ್ಪಿತು. ಹೆಂಡತಿ ಬಳೆ ಬಿಚ್ಚಿಕೊಟ್ಟಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಎಲ್ಲಿ ತಪ್ಪಿದೆ? ಸತ್ತವನನ್ನು ನೋಡುತ್ತಾ ಕೂತಿದ್ದೆ. ಸಂಬಳ ಕೊಡುವ ಡಬ್ಬವನ್ನು ನೋಡಿರಲಿಲ್ಲ. ಐದಾರು ದಿನದಲ್ಲೇ ಅವರು ಅಹ್ಮದ್ ಉಮರ್ ಎಂದು ಹೊಸ ಹೆಸರು ಹೇಳಿಬಿಟ್ಟಿದ್ದರು. ಹಳ್ಳಿ ದಾರಿಗಳ ನಾಕಾಬಂದಿಯಲ್ಲಿ ಲಾರಿಗಳಿಂದ ವಸೂಲಿ ಒಂದು ದಿನವೂ ನಿಂತಿರಲಿಲ್ಲ.

ಹಳೆಯ ಹಾಳೆ ಹರಿದು ಹೊಸದು ಮಾಡಿದೆ. ನಾಲ್ಕು ಕಾಲಂ. ಹೊಸ ಹೆಸರು ಎಷ್ಟು ದಿನಕ್ಕೆ ಬಂತು. ದುಡ್ಡು ಎಲ್ಲಿಂದ, ಇನ್ನೂ ಬರುತ್ತಿದೆಯಾ. ಎರಡನೇ ಸಾಲಿನವರು ಎಷ್ಟು ಮಂದಿ ಬದುಕಿದ್ದಾರೆ. ನಾಲ್ಕನೆಯದು ಹೇಳುವುದಿಲ್ಲ, ಅದು ನನ್ನ ಅನ್ನ.

ಹಳೆಯ ಸಾವುಗಳನ್ನೆಲ್ಲ ಇದರಲ್ಲಿ ತುಂಬಲು ಎಂಟು ತಿಂಗಳು ಹಿಡಿಯಿತು. ಡೇಟಾ ಎಂಟ್ರಿ ಹುಡುಗನಿಗೆ ಮೂವತ್ತು ಸಾವಿರದ ಹತ್ತಿರ. ಜಿಟಿಡಿ, ಅಂದರೆ ಜಗತ್ತಿನ ಉಗ್ರರ ದಾಳಿಗಳ ಪಟ್ಟಿ (ಗ್ಲೋಬಲ್ ಟೆರರಿಸಂ ಡೇಟಾಬೇಸ್) ಇಳಿಸಿಕೊಂಡಾಗ ಒಂದು ತಮಾಷೆ. 1993 ಎಂದು ಫಿಲ್ಟರ್ ಹಾಕಿದರೆ ಒಂದು ಸಾಲೂ ಇಲ್ಲ! ಮುಂಬೈಯಲ್ಲಿ ಕೂತವನಿಗೆ ಆ ವರ್ಷ ಮರೆಯುತ್ತದಾ? ಮಾರ್ಚ್ 12ರ ಸರಣಿ ಬಾಂಬ್, ಸತ್ತವರು 257 ಜನ. ಹುಡುಗ ಅಳಿಸಿದ್ದಾನೆ ಎಂದು ಅವನ ಮೇಲೆ ರೇಗಿದೆ. ಆಮೇಲೆ ಗೊತ್ತಾಯಿತು, ಮೂಲದಲ್ಲೇ ಆ ವರ್ಷದ ಕಾರ್ಡುಗಳು ಆಫೀಸು ಬದಲಿಸುವಾಗ ಕಳೆದುಹೋಗಿದ್ದವಂತೆ. ಹುಡುಗನಿಗೆ ಮಸಾಲೆ ದೋಸೆ ಕೊಡಿಸಿ ಸಮಾಧಾನ ಮಾಡಬೇಕಾಯಿತು.

ತುಂಬುತ್ತಾ ಹೋದ ಹಾಗೆ ತೊಂಬತ್ತು ದಿನದ ಲೆಕ್ಕ ಬಿದ್ದುಹೋಯಿತು. ನೈಜೀರಿಯಾದ ಉಗ್ರರ ಗುಂಪು ಬೊಕೊ ಹರಾಮ್‌ನ ನಾಯಕ ಮೊಹಮ್ಮದ್ ಯೂಸುಫ್ ಸತ್ತದ್ದು 2009ರ ಜುಲೈಯಲ್ಲಿ, ಪೊಲೀಸರ ಕೈಯಲ್ಲೇ. ಮುಂದೆ ಒಂದು ವರ್ಷ ಹೆಚ್ಚುಕಡಿಮೆ ಸದ್ದಿಲ್ಲ. 2010ರ ಸೆಪ್ಟೆಂಬರಿನಲ್ಲಿ ಬೌಚಿ ಜೈಲು ಒಡೆದು ನೂರಾರು ಮಂದಿಯನ್ನು ಬಿಡಿಸಿಕೊಂಡರು. ಹೊಸ ನಾಯಕ ಶೆಕಾವ್ ಕೈಗೆ ಹೋದ ಮೇಲೆ ಮೊದಲಿಗಿಂತ ಹತ್ತು ಪಟ್ಟು ಕೆಟ್ಟದಾಯಿತು. ಅವತ್ತಿನಿಂದ ನಾನು ಒಂದೂವರೆ ವರ್ಷ ಕಾಯುತ್ತೇನೆ. ಹೆಸರಿನ ಕಾಲಂ ಪೆನ್ಸಿಲ್‌ನಲ್ಲಿ ಮಾತ್ರ. ತಾಲಿಬಾನ್ ನಾಯಕ ಮುಲ್ಲಾ ಒಮರ್ 2013ರಲ್ಲೇ ಸತ್ತಿದ್ದ, 2015ರ ಜುಲೈವರೆಗೆ ಮುಚ್ಚಿಟ್ಟರು. ಅದೇ ತಿಂಗಳು ಅವನ ಹೆಸರಲ್ಲಿ ಈದ್ ಸಂದೇಶ ಕೂಡ ಬಂದಿತ್ತು. ಶ್ರೀಲಂಕಾದ ಎಲ್‌ಟಿಟಿಇ ನಾಯಕ ಪ್ರಭಾಕರನ್‌ದು ಸುಲಭ: 2009ರ ಮೇಯಲ್ಲಿ ನೆಲ, ನಾಯಕ, ಎರಡನೇ ಸಾಲು ಎಲ್ಲವೂ ಒಂದೇ ಕಡಲ ತೀರದಲ್ಲಿ ಮುಗಿದವು.

ಮಧ್ಯೆ ಒಂದು ಹುಚ್ಚು. ಇದೇ ಹಾಳೆಯನ್ನು ನಮ್ಮ ಕಡೆಯವರ ಉಡುಪಿ ಹೋಟೆಲುಗಳ ಮೇಲೆ ಪ್ರಯೋಗಿಸಿದೆ. ಮಾಟುಂಗಾದಿಂದ ಪಾರ್ಲಾವರೆಗೆ, ಯಜಮಾನರು ತೀರಿಕೊಂಡ ಎಂಟು ಹೋಟೆಲು. ಯಾವುದು ಎರಡು ವರ್ಷದಲ್ಲಿ ಮುಚ್ಚುತ್ತದೆ? ಎಂಟರಲ್ಲಿ ಆರು ಸರಿಯಾಯಿತು. ಗಲ್ಲಾದಲ್ಲಿ ಮಗ ಕೂತನಾ, ಅಳಿಯ ಕೂತನಾ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟು ರುಬ್ಬುವ ಭಟ್ಟರು ಉಳಿದರಾ, ತೆಂಗಿನಕಾಯಿಯವನು ಇನ್ನೂ ಸಾಲ ಕೊಡುತ್ತಾನಾ, ಅಷ್ಟೇ. ತಪ್ಪಿದ ಎರಡರಲ್ಲಿ ಒಂದು ಕಡೆ ಭಟ್ಟರೇ ಮಾಲೀಕರಾಗಿದ್ದರು. ಇದನ್ನು ಹೇಳಿದಾಗ ಒಬ್ಬ ಹಿರಿಯರು "ನಿನಗೆ ಬೇರೆ ಕೆಲಸ ಇಲ್ವಾ?" ಅಂದರು.

ಸರಿ, ಹುಬ್ಬಳ್ಳಿ ಫೋನಿಗೆ ಬರೋಣ. ಗುಂಪಿನಲ್ಲಿ ಎಲ್ಲರೂ 2005 ನೆನಪಿಸಿದರು. ಆ ಫೆಬ್ರವರಿ 6ರಂದು ಚಿಕ್ಕಮಗಳೂರು ಕಾಡಿನಲ್ಲಿ ಕರ್ನಾಟಕದ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತ. ಒಂದು ವಾರವೂ ಆಗಿರಲಿಲ್ಲ, ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಮೇಲೆ ಬಿದ್ದರು. "ಸೇಡು ಗ್ಯಾರಂಟಿ, ಲಾರಿ ವಾಪಸ್ ಕರೆಸು" ಎಂಬುದೇ ಎಲ್ಲರ ಮಾತು.

ನಾನು ಎದುರಿಗಿಟ್ಟದ್ದು ಹೆಬ್ರಿಯ ಸಾಲು. 2024ರ ನವೆಂಬರಿನಲ್ಲಿ ಕಬ್ಬಿನಾಲೆ ಹತ್ತಿರ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತ. ಪಾವಗಡ ಮರುಕಳಿಸಲಿಲ್ಲ. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎದುರು ಶರಣಾದರು. ಅದೇ ಪಕ್ಷ, ಅದೇ ಮಲೆನಾಡು. 2005ರಲ್ಲಿ ಹಿಂದೆ ಹುಡುಗರಿದ್ದರು, ಆಂಧ್ರದ ಬಲವಿತ್ತು. 2024ರಲ್ಲಿ ಎರಡನೇ ಸಾಲಿನ ಕಾಲಂ ಬಹುತೇಕ ಖಾಲಿ. ಬಸವರಾಜು ಸತ್ತ ಛತ್ತೀಸ್‌ಗಢದಲ್ಲೂ ನನಗೆ ಅದೇ ಖಾಲಿ ಕಂಡಿತು. ಬಸವರಾಜು ಸತ್ತು ವಾರಗಳಾದರೂ ಹೊಸ ಹೆಸರು ಬರಲಿಲ್ಲ.

"ಲಾರಿ ವಾಪಸ್ ಬೇಡ, ಹೊಸದೂ ಬೇಡ. ಮಳೆ ಮುಗಿಯಲಿ. ಡಾಂಬರು ಬಿಟ್ಟು ಇಳಿಯಬೇಡಿ, ಹೂತಿಟ್ಟ ಬಾಂಬ್‌ಗೆ ಬಸವರಾಜು ಸತ್ತದ್ದು ಗೊತ್ತಿರಲ್ಲ" ಎಂದು ಬರೆದುಕೊಟ್ಟೆ. ಬಾಂದ್ರಾದ ದೊಡ್ಡ ಆಫೀಸೊಂದು ಇದೇ ಸಾಲಿಗೆ ಕೆಂಪು ಗುರುತು ಹಾಕಿತ್ತು. ಅವರ ಫೀಸು ನನ್ನದರ ಆರು ಪಟ್ಟು.

ಸೆಪ್ಟೆಂಬರಿನಲ್ಲಿ ಆಯುಧ ಕೆಳಗಿಡುವ ಮಾತಾಡಿದ ಪತ್ರ ನಕ್ಸಲರ ಪಕ್ಷದ ವಕ್ತಾರ ಅಭಯ್ ಹೆಸರಲ್ಲಿ ಹೊರಬಂತು. ಅದು ಅವನ ಸ್ವಂತ ಅಭಿಪ್ರಾಯ ಎಂದು ಅದೇ ಪಕ್ಷದ ತೆಲಂಗಾಣ ಸಮಿತಿ ತಕ್ಷಣ ಜಾಡಿಸಿತು. ಒಂದೇ ಮನೆಯಲ್ಲಿ ಎರಡು ಒಲೆ! ಆ ರಾತ್ರಿ ನನಗೆ ನಿದ್ದೆ ಬಂತು. ಅಕ್ಟೋಬರ್ ಮಧ್ಯದಲ್ಲಿ ಅದೇ ಅಭಯ್, ಅಂದರೆ ಪಕ್ಷದ ಮೇಲಿನ ಸಮಿತಿಯಾದ ಪಾಲಿಟ್‌ಬ್ಯೂರೋದ ಮಲ್ಲೋಜುಲ ವೇಣುಗೋಪಾಲ್, ಅರವತ್ತು ಮಂದಿಯ ಜೊತೆ ಗಡ್‌ಚಿರೋಲಿಯಲ್ಲೇ ಶರಣಾದ. ಗುಂಪಿನಲ್ಲಿ ನಕ್ಕವರಲ್ಲಿ ಇಬ್ಬರು ಹಾಳೆಯ ಕಾಪಿ ಕೇಳಿದರು. ಮೂರು ಕಾಲಂ ಕಳಿಸಿದೆ.

ಕಂಟ್ರಾಕ್ಟರು ದೀಪಾವಳಿಗೆ ಆರು ಲಾರಿ ಹೆಚ್ಚು ಮಾಡಿದರು. ಒಂದು ಡಬ್ಬ ಧಾರವಾಡ ಪೇಡೆಯೂ ಬಂತು. ಬಿಲ್ಲಿನಲ್ಲಿ ಅರ್ಧ ಇನ್ನೂ ಬಾಕಿ ಇದೆ.